ಕೆಮ್ಮಿನ ಸಿರಪ್ ಕುಡಿಸುವ ಮುಂಚೆ: ಫೆನ್ಸಿಂಗ್ ಆಡುವ ಮಕ್ಕಳ ಅಪ್ಪ ಅಮ್ಮಂದಿರಿಗೆ

ನನ್ನ ಮಗಳು ಎಪಿ ಆಡುತ್ತಾಳೆ, ಫೆನ್ಸಿಂಗ್ ಅನ್ನುವ ಕತ್ತಿವರಸೆಯ ಮೂರು ಬಗೆಗಳಲ್ಲಿ ಒಂದು. ಹತ್ತನೇ ವಯಸ್ಸಿಗೆ ಕತ್ತಿ ಹಿಡಿದಳು, ಈಗ ಹದಿನಾರು. ಎರಡು ವರ್ಷದ ಹಿಂದೆ ರಾಜ್ಯ ತಂಡದ ಆಯ್ಕೆಗೆ ಎರಡೇ ದಿನ ಇದ್ದಾಗ ಅವಳಿಗೆ ಕೆಮ್ಮು ಹಿಡಿಯಿತು. ಮೈಸೂರಿನ ಡಿಸೆಂಬರ್ ಚಳಿ, ಬೆಳಗ್ಗೆ ಐದೂವರೆಗೆ ಪ್ರಾಕ್ಟೀಸು, ಕೆಮ್ಮು ಬರದೆ ಇರುತ್ತದಾ? ಬೀದಿ ಕೊನೆಯ ಮೆಡಿಕಲ್ ಶಾಪಿಗೆ ಹೋಗಿ "ಕೆಮ್ಮಿಗೆ ಏನಾದ್ರೂ ಕೊಡಿ" ಅಂದೆ. ಕೊಟ್ಟರು. ಅವಳು ಚಿಕ್ಕವಳಿದ್ದಾಗಿಂದ ನಾನು ಕುಡಿಸಿದ್ದು ಅದೇ ಸಿರಪ್ಪು. ಸಂಜೆ ಒಂದು ಸಲ, ಮಲಗುವಾಗ ಒಂದು ಸಲ ಕುಡಿಸಿದೆ.

ರಾತ್ರಿ ಕೋಚ್ ಫೋನ್ ಮಾಡಿದರು. ಕೆಮ್ಮು ಹೇಗಿದೆ ಎಂದು ಕೇಳಿದ ಮೇಲೆ, "ಯಾವ ಸಿರಪ್? ಬಾಟಲ್ ತಿರುಗಿಸಿ, ಹಿಂದೆ ಸಣ್ಣ ಅಕ್ಷರದಲ್ಲಿ ಇರೋದನ್ನ ಓದಿ" ಅಂದರು. ಓದಿದೆ. ಬ್ರೋಮ್‌ಹೆಕ್ಸಿನ್, ಗ್ವೈಫೆನೆಸಿನ್, ಟರ್ಬುಟಲಿನ್ ಸಲ್ಫೇಟ್. ಮೂರನೆಯ ಹೆಸರು ಕೇಳಿ ಅವರು ಸುಮ್ಮನಾದರು.

ಟರ್ಬುಟಲಿನ್ ಉಸಿರಾಟದ ಕೊಳವೆ ಸಡಿಲಿಸುವ ಔಷಧಿ. ವಾಡಾ, ಅಂದರೆ ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆಯ ನಿಷೇಧ ಪಟ್ಟಿಯಲ್ಲಿ ಅದು ವರ್ಷವಿಡೀ ಇರುತ್ತದೆ. ಸ್ಪರ್ಧೆ ಇರಲಿ, ಇಲ್ಲದಿರಲಿ. ಕ್ರಿಕೆಟಿಗ ಪೃಥ್ವಿ ಶಾ ಅವರಿಗೆ 2019ರಲ್ಲಿ ಎಂಟು ತಿಂಗಳ ನಿಷೇಧ ಆಗಿದ್ದು ಇದೇ ವಸ್ತುವಿಗೆ. ಅವರು ಹೇಳಿದ ಕಾರಣವೂ ಕೆಮ್ಮಿನ ಸಿರಪ್ಪೇ.

ನಾವು ಆ ಆಯ್ಕೆಗೆ ಹೋಗಲಿಲ್ಲ. ಯಾರೂ ತಡೆದಿರಲಿಲ್ಲ, ನಾವೇ ಬಿಟ್ಟೆವು. ಒಂದು ವರ್ಷ ಅದಕ್ಕಾಗಿಯೇ ಬೆವರು ಸುರಿಸಿದ್ದ ಹುಡುಗಿ ಕಿಟ್ ಬ್ಯಾಗನ್ನು ಮಂಚದ ಕೆಳಗೆ ತಳ್ಳಿ ಗೋಡೆ ಕಡೆ ತಿರುಗಿ ಮಲಗಿದಳು. ಅವಳ ತಪ್ಪು ಏನೂ ಇರಲಿಲ್ಲ. ಅವತ್ತಿನಿಂದ ನಾನು ಓದಿದ್ದನ್ನು, ಕೇಳಿ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ, ಶಾಲೆಯಲ್ಲಿ ಗಣಿತ ಹೇಳಿಕೊಡುವವಳು. ಆದರೆ ಲೇಬಲ್ ಓದುವುದಕ್ಕೆ ಡಾಕ್ಟರೇ ಆಗಬೇಕಿಲ್ಲ.

ಮೊದಲು ಒಂದು ಮಾತು. "ಫೆನ್ಸಿಂಗ್‌ನಲ್ಲಿ ಯಾರು ಡೋಪಿಂಗ್ ಮಾಡ್ತಾರೆ, ಅದೆಲ್ಲ ವೇಟ್‌ಲಿಫ್ಟಿಂಗ್, ಓಟದವರ ತಲೆನೋವು" ಎಂದು ಬಹಳ ಜನ ಅಂದುಕೊಂಡಿದ್ದಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ನಮ್ಮ ಆಟದಲ್ಲಿ ತೂಕದ ವಿಭಾಗ ಇಲ್ಲ, ನಿಜ. ಆದರೆ ನಿಯಮ ಎಲ್ಲ ಆಟಕ್ಕೂ ಒಂದೇ. ಮೈಯಲ್ಲಿ ನಿಷೇಧಿತ ವಸ್ತು ಸಿಕ್ಕಿತು ಅಂದರೆ ಅದು ಉಲ್ಲಂಘನೆ. ಹೇಗೆ ಬಂತು, ಬೇಕಂತಲೇ ತಗೊಂಡಿದ್ದಾ ಅನ್ನುವುದು ಶಿಕ್ಷೆ ಎಷ್ಟು ಎಂದು ನಿರ್ಧರಿಸುವಾಗ ಬರುವ ಪ್ರಶ್ನೆ. ವಾಡಾದ 2023ರ ಲೆಕ್ಕದಲ್ಲಿ ಭಾರತದಲ್ಲಿ ತೆಗೆದ 5,606 ಮಾದರಿಗಳಲ್ಲಿ 213ರಲ್ಲಿ ನಿಷೇಧಿತ ವಸ್ತು ಸಿಕ್ಕಿತ್ತು. ಶೇಕಡಾ 3.8. ಅಷ್ಟು ದೊಡ್ಡ ಪ್ರಮಾಣದಲ್ಲಿ ಪರೀಕ್ಷೆ ಮಾಡುವ ದೇಶಗಳಲ್ಲಿ ಇದು ತುಂಬಾ ಜಾಸ್ತಿ.

ಬ್ರಾಂಡ್ ಬಿಡಿ, ಒಳಗಿನ ಹೆಸರು ಓದಿ

ನಮ್ಮ ದೇಶದಲ್ಲಿ ಒಂದೇ ಬ್ರಾಂಡಿನ ಹೆಸರಿಗೆ ಬಾಲ ಸೇರಿಸಿ ನಾಲ್ಕು ಬೇರೆ ಬೇರೆ ಔಷಧಿ ಮಾರುತ್ತಾರೆ. ಡಿ ಅಂತ ಒಂದು, ಎಲ್ಎಸ್ ಅಂತ ಇನ್ನೊಂದು, ಪ್ಲಸ್ ಅಂತ ಮತ್ತೊಂದು. ಬಾಟಲಿನ ಬಣ್ಣ ಒಂದೇ, ಒಳಗಿರುವುದು ಬೇರೆ. ಅದಕ್ಕೇ "ನಮ್ಮ ಮಗ ಅದೇ ಸಿರಪ್ ಕುಡಿದಿದ್ದ, ಏನೂ ಆಗಲಿಲ್ಲ" ಎಂದು ಇನ್ನೊಬ್ಬ ತಾಯಿ ಹೇಳಿದರೆ ನಂಬಬೇಡಿ. ಅಂಗಡಿಯವರ ಹತ್ತಿರ "ಇದರ ಸಾಲ್ಟ್ ಯಾವುದು?" ಎಂದು ಕೇಳಿ, ಅಂದರೆ ಒಳಗಿರುವ ಔಷಧಿಯ ಹೆಸರು. ಸ್ಟ್ರಿಪ್ಪಿನ ಹಿಂದೆ ಬರೆದಿರುತ್ತದೆ. ಕನ್ನಡಕ ಹಾಕಿಕೊಂಡು ಓದಿ, ಫೋಟೋ ತೆಗೆದು ದೊಡ್ಡದು ಮಾಡಿ ಓದಿ.

ಆಮೇಲೆ ಆ ಹೆಸರನ್ನು ನಾಡಾದ "ನೋ ಯುವರ್ ಮೆಡಿಸಿನ್" ಆ್ಯಪ್‌ನಲ್ಲಿ ಹುಡುಕಿ. ನಾಡಾ ಅಂದರೆ ಉದ್ದೀಪನ ಮದ್ದು ತಡೆಯುವ ನಮ್ಮ ರಾಷ್ಟ್ರೀಯ ಸಂಸ್ಥೆ, ದೆಹಲಿಯಲ್ಲಿದೆ. ನಿಷೇಧ ಪಟ್ಟಿ ಪ್ರತಿ ಜನವರಿ 1ಕ್ಕೆ ಬದಲಾಗುತ್ತದೆ. ಹೋದ ವರ್ಷ ನೋಡಿದ್ದು ಈ ವರ್ಷಕ್ಕೆ ಸಾಲದು. ವಿದೇಶದಲ್ಲಿ ಆಡುವವರು ಬಳಸುವ ಗ್ಲೋಬಲ್ ಡಿಆರ್‌ಒ ಎಂಬ ತಾಣವೂ ಇದೆ, ಆದರೆ ಅದರಲ್ಲಿ ನಮ್ಮ ದೇಶದ ಬ್ರಾಂಡುಗಳು ಇರುವುದಿಲ್ಲ. ಹೆಸರು ಹೊಂದಿಕೆ ಆಯಿತು ಎಂದು ಸಮಾಧಾನ ಪಟ್ಟರೆ ಮೋಸ ಹೋಗುತ್ತೀರಿ.

ಕೆಮ್ಮಿನ ಸಿರಪ್ಪಿನಲ್ಲಿ ಟರ್ಬುಟಲಿನ್ ಒಂದೇ ಅಲ್ಲ, ಸಾಲ್ಬುಟಮಾಲ್ ಕೂಡ ಇರುತ್ತದೆ. ಕುಡಿಯುವ ಅಥವಾ ನುಂಗುವ ಸಾಲ್ಬುಟಮಾಲ್‌ಗೆ ಅನುಮತಿ ಇಲ್ಲ. ನೆಗಡಿ ಮಾತ್ರೆಯಲ್ಲಿ ನೋಡಬೇಕಾದದ್ದು ಸ್ಯೂಡೋಎಫೆಡ್ರಿನ್. ಸ್ಪರ್ಧೆಯ ಸಮಯದಲ್ಲಿ ಮೂತ್ರದಲ್ಲಿ ಮಿತಿ ಮೀರಿದರೆ ತೊಂದರೆ. ಅದರ ಬದಲು ಫಿನೈಲೆಫ್ರಿನ್ ಇದ್ದರೆ ಅದಕ್ಕೆ ನಿಷೇಧ ಇಲ್ಲ. ಎರಡು ಹೆಸರೂ ಒಂದೇ ತರಹ ಕೇಳಿಸುತ್ತವೆ, ಅಲ್ವಾ? ಅದಕ್ಕೇ ಬಾಯಿಮಾತಿನಲ್ಲಿ ಕೇಳಿ ಕೊಡಬೇಡಿ, ಕಣ್ಣಲ್ಲಿ ಓದಿ ಕೊಡಿ. ಪ್ಯಾರಾಸಿಟಮಾಲ್, ಐಬುಪ್ರೊಫೆನ್, ಸೆಟ್ರಿಜಿನ್, ಓಆರ್‌ಎಸ್, ಇವು ಪಟ್ಟಿಯಲ್ಲಿಲ್ಲ.

ಕಾಲು ಉಳುಕಿದಾಗ ಕೊಡುವ ನೋವಿನ ಮಾತ್ರೆಯ ಬಗ್ಗೆ ಸ್ವಲ್ಪ ಜಾಸ್ತಿ ಎಚ್ಚರ ಬೇಕು. ನಮ್ಮ ಮಕ್ಕಳು ಮುಂಗಾಲು ಚಾಚಿ ನುಗ್ಗಿ ನುಗ್ಗಿ ಮೊಣಕಾಲು, ಪಾದದ ಕೀಲು ನೋಯಿಸಿಕೊಳ್ಳುತ್ತಾರೆ. ಪ್ಯಾರಾಸಿಟಮಾಲ್ ಜೊತೆ ಟ್ರಮಡಾಲ್ ಸೇರಿಸಿದ ಮಾತ್ರೆ ಇಲ್ಲಿ ಸಾಮಾನ್ಯ. 2024ರ ಜನವರಿ 1ರಿಂದ ಸ್ಪರ್ಧೆಯ ಅವಧಿಯಲ್ಲಿ ಟ್ರಮಡಾಲ್ ನಿಷಿದ್ಧ. ಹಳೇ ಸ್ಟ್ರಿಪ್ ಮನೆಯಲ್ಲಿ ಉಳಿದಿದ್ದರೆ ಕಿಟ್‌ನಿಂದ ತೆಗೆದುಬಿಡಿ.

"ಸ್ಪರ್ಧೆಯ ಅವಧಿ" ಅಂದರೆ ಪಿಸ್ಟ್ (ಫೆನ್ಸಿಂಗ್ ಆಡುವ ಉದ್ದನೆಯ ಅಂಕಣ) ಹತ್ತಿದ ಮೇಲೆ ಅಲ್ಲ. ಸ್ಪರ್ಧೆಯ ಹಿಂದಿನ ರಾತ್ರಿ 11 ಗಂಟೆ 59 ನಿಮಿಷಕ್ಕೇ ಅದು ಶುರು. ಆದರೆ ಹಿಂದಿನ ಮಧ್ಯಾಹ್ನ ನುಂಗಿದ್ದು ಮರುದಿನ ಮೂತ್ರದಲ್ಲಿ ಇದ್ದೇ ಇರಬಹುದು. ಟೀಮ್ ಇವೆಂಟ್ ಬೇರೆ ದಿನ ಇರುತ್ತದೆ. ಹಾಗಾಗಿ ನಾನು ರೈಲು ಹತ್ತಿದಾಗಿನಿಂದ ವಾಪಸ್ ಬರುವವರೆಗೂ ಸ್ಪರ್ಧೆಯ ಅವಧಿ ಎಂದೇ ಲೆಕ್ಕ ಇಡುತ್ತೇನೆ. ಉತ್ತರದ ಕಡೆ ಹೋಳಿ ಹಬ್ಬದ ಸಮಯಕ್ಕೆ ಶಿಬಿರ ಇದ್ದರೆ ಥಂಡಾಯಿ ಕುಡಿಯಬೇಡ ಎಂದು ಮಗಳಿಗೆ ಮೊದಲೇ ಹೇಳಿಟ್ಟಿದ್ದೇನೆ. ಆ ಪಾನೀಯಕ್ಕೆ ಭಂಗಿ ಬೆರೆಸುವುದುಂಟು, ಭಂಗಿಯ ಅಂಶ ಮೈಯಲ್ಲಿ ಬಹಳ ದಿನ ಉಳಿಯುತ್ತದೆ.

"ಒಂದು ಇಂಜೆಕ್ಷನ್ ಹಾಕಿಬಿಡಿ ಡಾಕ್ಟ್ರೇ"

ಈ ಮಾತನ್ನು ನಾವು ಬಿಡಬೇಕು. ಜ್ವರ ಬಂದರೆ ಇಂಜೆಕ್ಷನ್, ಸುಸ್ತಾದರೆ ಗ್ಲೂಕೋಸ್ ಬಾಟಲ್. ನಮ್ಮ ಊರುಗಳಲ್ಲಿ ಇದು ಪ್ರೀತಿಯ ಒಂದು ರೂಪ. ಮಗು ಬೇಗ ಎದ್ದು ಓಡಾಡಲಿ ಎಂಬ ಆಸೆ.

ಆ ಇಂಜೆಕ್ಷನ್‌ನಲ್ಲಿ ಬಹಳ ಸಲ ಡೆಕ್ಸಾಮೆಥಾಸೋನ್ ತರಹದ ಸ್ಟೀರಾಯ್ಡ್ ಇರುತ್ತದೆ. 2022ರಿಂದ ಸ್ಪರ್ಧೆಯ ಅವಧಿಯಲ್ಲಿ ಸ್ಟೀರಾಯ್ಡನ್ನು ಯಾವ ಜಾಗಕ್ಕೆ ಚುಚ್ಚಿದರೂ ನಿಷೇಧ. ನುಂಗುವ ಮಾತ್ರೆಗೂ ನಿಷೇಧ ಇದೆ. ಚರ್ಮಕ್ಕೆ ಹಚ್ಚುವ ಮುಲಾಮು, ಮೂಗಿನ ಸ್ಪ್ರೇ, ಡಾಕ್ಟರ್ ಹೇಳಿದ ಪ್ರಮಾಣದಲ್ಲಿ ಸೇದುವ ಇನ್‌ಹೇಲರ್‌ಗೆ ತೊಂದರೆ ಇಲ್ಲ. ಮೈಯಿಂದ ಹೋಗಲು ಎಷ್ಟು ದಿನ ಬಿಡಬೇಕು ಎಂದು ವಾಡಾ ಹೇಳಿದೆ. ಮಾತ್ರೆಗೆ ಸಾಮಾನ್ಯವಾಗಿ 3 ದಿನ. ಡೆಕ್ಸಾಮೆಥಾಸೋನ್ ಸ್ನಾಯುವಿಗೆ ಚುಚ್ಚಿದರೆ 5 ದಿನ. ಟ್ರಯಾಮ್ಸಿನೊಲೋನ್ ಎಂಬ ಇನ್ನೊಂದು ಸ್ಟೀರಾಯ್ಡ್ ಸ್ನಾಯುವಿಗೆ ಚುಚ್ಚಿದರೆ 60 ದಿನ. ಹೌದು, ಅರವತ್ತು. ಅದೇ ಟ್ರಯಾಮ್ಸಿನೊಲೋನ್ ಕೀಲಿಗೆ ಹಾಕಿದರೆ 10 ದಿನ. ಮೊಣಕೈ ನೋವು ನಮ್ಮ ಆಟದಲ್ಲಿ ಮಾಮೂಲು, ಅದಕ್ಕೆ ಈ ಇಂಜೆಕ್ಷನ್ ಹಾಕುವುದೂ ಮಾಮೂಲು. ಹಾಕಿಸುವ ಮುಂಚೆ ಕ್ಯಾಲೆಂಡರ್ ನೋಡಿ. ಯಾವ ಔಷಧಿ, ಎಷ್ಟು, ಎಲ್ಲಿಗೆ ಹಾಕಿದರು, ಯಾವ ದಿನ ಎಂದು ಡಾಕ್ಟರ ಕೈಯಲ್ಲಿ ಚೀಟಿಯಲ್ಲಿ ಬರೆಸಿಕೊಳ್ಳಿ. ಕೇಳುವುದಕ್ಕೆ ಸಂಕೋಚ ಬೇಡ.

ಗ್ಲೂಕೋಸ್ ಬಾಟಲ್ ಇನ್ನೂ ದೊಡ್ಡ ವಿಷಯ. ಒಳಗೆ ಬರೀ ಉಪ್ಪುನೀರೇ ಇರಲಿ, 12 ಗಂಟೆಯಲ್ಲಿ 100 ಮಿಲಿಗಿಂತ ಹೆಚ್ಚು ರಕ್ತನಾಳಕ್ಕೆ ಏರಿಸುವುದು ನಿಷಿದ್ಧ. ಆಸ್ಪತ್ರೆಯಲ್ಲಿ ನಿಜವಾದ ಚಿಕಿತ್ಸೆ, ಶಸ್ತ್ರಚಿಕಿತ್ಸೆ, ತಪಾಸಣೆಗಾಗಿ ಹಾಕಿದರೆ ವಿನಾಯಿತಿ ಇದೆ. ಪೂಲ್ ಸುತ್ತು (ಮೊದಲ ಹಂತದ ಗುಂಪು ಪಂದ್ಯಗಳು) ಮುಗಿಸಿ ಬಳಲಿದ್ದಾಳೆ ಎಂದು ಪಕ್ಕದ ಕ್ಲಿನಿಕ್ಕಿನಲ್ಲಿ ಅರ್ಧ ಲೀಟರ್ ಏರಿಸಿದರೆ ಆ ವಿನಾಯಿತಿ ಸಿಗುತ್ತದೆ ಎಂದು ನೆಚ್ಚಿಕೊಳ್ಳಬೇಡಿ. ಓಆರ್‌ಎಸ್ ಕುಡಿಸಿ. ಮಜ್ಜಿಗೆ ಕುಡಿಸಿ. ಮಗುವಿನ ಜೀವಕ್ಕೇ ತೊಂದರೆ ಅನ್ನುವ ಸ್ಥಿತಿ ಬಂದರೆ ಮಾತ್ರ ಇದ್ಯಾವುದನ್ನೂ ಯೋಚಿಸಬೇಡಿ, ಆಸ್ಪತ್ರೆಗೆ ಓಡಿ. ತುರ್ತು ಚಿಕಿತ್ಸೆಗೆ ಆಮೇಲೆ ಅನುಮತಿ ಕೇಳುವ ದಾರಿ ಇದೆ.

ಉಬ್ಬಸ ಇರುವ ಮಕ್ಕಳಿಗೆ

ಇನ್‌ಹೇಲರ್‌ನಲ್ಲಿ ಸೇದುವ ಸಾಲ್ಬುಟಮಾಲ್‌ಗೆ ಅನುಮತಿ ಇದೆ, ಆದರೆ ಲೆಕ್ಕ ಇದೆ. 24 ಗಂಟೆಗೆ 1600 ಮೈಕ್ರೋಗ್ರಾಂ, ಯಾವುದೇ 8 ಗಂಟೆಯಲ್ಲಿ 600 ಮೀರಬಾರದು. ಮಾಮೂಲಿ ಇನ್‌ಹೇಲರ್‌ನ ಒಂದು ಪಫ್ ಅಂದರೆ 100. ಎಂಟು ಗಂಟೆಗೆ ಆರು ಪಫ್, ಲೆಕ್ಕ ಸುಲಭ. ಆದರೆ ನೆಬ್ಯುಲೈಸರ್‌ಗೆ ಹಾಕುವ ಒಂದು ಪುಟ್ಟ ಟ್ಯೂಬಿನಲ್ಲಿ 2.5 ಮಿಲಿಗ್ರಾಂ ಇರುತ್ತದೆ. ಅಂದರೆ 2500 ಮೈಕ್ರೋಗ್ರಾಂ. ಒಂದೇ ಸಲಕ್ಕೆ ದಿನದ ಮಿತಿ ದಾಟಿತು. ನೆಬ್ಯುಲೈಸರ್ ಬೇಕಾಗುವ ಮಗು ಇದ್ದರೆ ಚಿಕಿತ್ಸಾ ವಿನಾಯಿತಿಗೆ ಅರ್ಜಿ ಹಾಕಿ. ಇದನ್ನು ಎಲ್ಲರೂ ಟಿಯುಇ ಅನ್ನುತ್ತಾರೆ. ಡಯಾಬಿಟಿಸ್ ಇರುವ ಮಗುವಿನ ಇನ್ಸುಲಿನ್‌ಗೂ, ಎಡಿಎಚ್‌ಡಿ ಎಂಬ ಗಮನ ನಿಲ್ಲದ ತೊಂದರೆಗೆ ಕೊಡುವ ಮಿಥೈಲ್‌ಫೆನಿಡೇಟ್‌ಗೂ ಟಿಯುಇ ಬೇಕು. ದೇಶದೊಳಗೆ ಆಡುವವರು ನಾಡಾಗೆ, ಅಂತರರಾಷ್ಟ್ರೀಯ ಮಟ್ಟದವರು ಫೆನ್ಸಿಂಗ್ ಒಕ್ಕೂಟವಾದ ಎಫ್‌ಐಇಗೆ ಅರ್ಜಿ ಹಾಕಬೇಕು. ಕನಿಷ್ಠ 30 ದಿನ ಮುಂಚೆ, ಡಾಕ್ಟರ ವರದಿಗಳ ಜೊತೆ. ಔಷಧಿ ನಿಲ್ಲಿಸಬೇಡಿ, ಮುಚ್ಚಿಡಲೂ ಬೇಡಿ. ಈ ಅನುಮತಿ ಇರುವುದೇ ಅಂಥ ಮಕ್ಕಳು ಧೈರ್ಯವಾಗಿ ಆಡಲಿ ಎಂದು.

ಒಬ್ಬ ಅಪ್ಪ ನನ್ನನ್ನು ಕೇಳಿದ್ದರು, ಕೈ ನಡುಕಕ್ಕೆ ಪ್ರೊಪ್ರನೊಲಾಲ್ ಕೊಡಬಹುದಾ ಎಂದು. ಬಿಲ್ಲುಗಾರಿಕೆ, ಶೂಟಿಂಗ್‌ನಲ್ಲಿ ಅದು ನಿಷಿದ್ಧ, ಫೆನ್ಸಿಂಗ್‌ನಲ್ಲಿ ಅಲ್ಲ. ಆದರೂ ಬೇಡ ಅಂದೆ. ಅದು ಹೃದಯದ ಬಡಿತ ತಗ್ಗಿಸುವ ಔಷಧಿ, ಉಬ್ಬಸ ಇದ್ದವರಿಗೆ ಅಪಾಯ. ಪಟ್ಟಿಯಲ್ಲಿ ಇಲ್ಲ ಅಂದ ಮಾತ್ರಕ್ಕೆ ಮಗುವಿಗೆ ಕೊಡಬಹುದು ಅಂತಲ್ಲ.

ಪುಡಿ ಡಬ್ಬ, ಜಿಮ್ಮು, ಬೇರೆಯವರ ಬಾಟಲ್

ಪ್ರೋಟೀನ್ ಪುಡಿ, ಪ್ರೀ ವರ್ಕೌಟ್ ಪುಡಿ, ಹೆಸರಿಲ್ಲದ ಲೇಹ್ಯ, ಚೂರ್ಣ. ಒಳಗೆ ಏನಿದೆ ಎಂದು ಲೇಬಲ್ ಪೂರ್ತಿ ಹೇಳುತ್ತದೆ ಎಂಬ ನಂಬಿಕೆ ಇಟ್ಟುಕೊಳ್ಳಬೇಡಿ. ನಾನು ಮಗಳಿಗೆ ಕೊಡುವುದು ಮೊಟ್ಟೆ, ಹುರುಳಿ, ಕಡಲೆ, ಹಾಲು, ರಾಗಿ. ಡಯಟೀಶಿಯನ್ ಪುಡಿ ಬೇಕೇ ಬೇಕು ಅಂದರೆ ಬ್ಯಾಚ್ ಬ್ಯಾಚಾಗಿ ಪರೀಕ್ಷೆ ಮಾಡಿಸಿದ ಗುರುತು ಇರುವುದನ್ನೇ ತನ್ನಿ, ಬ್ಯಾಚ್ ನಂಬರಿನ ಫೋಟೋ ಇಟ್ಟುಕೊಳ್ಳಿ. ಹಾಗೆ ಮಾಡಿದರೂ ಅಪಾಯ ಕಡಿಮೆ ಆಗುತ್ತದೆ, ಪೂರ್ತಿ ಹೋಗುವುದಿಲ್ಲ.

ಜಿಮ್ಮಿನಲ್ಲಿ "ಪವರ್ ಬರತ್ತೆ" ಎಂದು ಚುಚ್ಚುವ ಮೆಫೆಂಟರ್ಮಿನ್ ಬಗ್ಗೆ ನೇರವಾಗಿ ಹೇಳುತ್ತೇನೆ. ಅದು ಆಪರೇಷನ್ ಸಮಯದಲ್ಲಿ ಬಿಪಿ ಇಳಿದಾಗ ಏರಿಸಲು ಬಳಸುವ ಔಷಧಿ. ಆರೋಗ್ಯವಾಗಿರುವ ಹುಡುಗರು ಚುಚ್ಚಿಕೊಂಡರೆ ಹೃದಯಕ್ಕೆ ಪೆಟ್ಟು. ಯಾರಾದರೂ ನಿಮ್ಮ ಮಗುವಿಗೆ ಇಂಥದ್ದು ಕೊಡಲು ಬಂದರೆ ನಾಡಾಗೆ ತಿಳಿಸಿ. ಇಟ್ಟುಕೊಳ್ಳುವುದು, ಕೊಡುವುದು, ಸಹಾಯ ಮಾಡುವುದು, ಮುಚ್ಚಿಡುವುದು, ಎಲ್ಲವೂ ಉಲ್ಲಂಘನೆಯೇ. ಆಟಗಾರರಿಗೆ ನೆರವಾಗುವ ಅಪ್ಪ ಅಮ್ಮನೂ ಈ ನಿಯಮದ ಒಳಗೇ ಬರುತ್ತೇವೆ. ಇದು ಬಹಳ ಜನಕ್ಕೆ ಗೊತ್ತಿಲ್ಲ.

ಇನ್ನು ಬಾಟಲ್. ಬೌಟ್, ಅಂದರೆ ಪಂದ್ಯ ನಡೆಯುವಾಗ ಮಕ್ಕಳ ನೀರಿನ ಬಾಟಲ್ ಪಿಸ್ಟ್ ಪಕ್ಕದಲ್ಲಿ ಸಾಲಾಗಿ ಬಿದ್ದಿರುತ್ತವೆ. ಎಲ್ಲ ನೀಲಿ, ಎಲ್ಲ ಒಂದೇ ತರಹ. ಇಟಲಿಯ ಫಾಯಿಲ್ (ಎಪಿಯಂತೆ ಫೆನ್ಸಿಂಗ್‌ನ ಇನ್ನೊಂದು ಬಗೆ) ಆಟಗಾರ ಆಂಡ್ರಿಯಾ ಬಾಲ್ದಿನಿ 2008ರಲ್ಲಿ ವಿಶ್ವದ ನಂಬರ್ ಒನ್. ಯುರೋಪಿಯನ್ ಚಾಂಪಿಯನ್‌ಷಿಪ್‌ನಲ್ಲಿ ಕೊಟ್ಟ ಮಾದರಿಯಲ್ಲಿ ಫ್ಯೂರೋಸೆಮೈಡ್ ಸಿಕ್ಕಿತು. ಮೂತ್ರ ಹೆಚ್ಚಿಸುವ ಔಷಧಿ ಅದು. ಬೇರೆ ಮದ್ದನ್ನು ಮರೆಮಾಚಲು ಬಳಸಬಹುದು ಎಂದು ಪಟ್ಟಿಯಲ್ಲಿದೆ. ಯಾರೋ ಬೇಕಂತಲೇ ಬೆರೆಸಿದ್ದಾರೆ ಎಂದು ಅವರು ಹೇಳಿದರು. ಬೀಜಿಂಗ್ ಒಲಿಂಪಿಕ್ಸ್ ಮಾತ್ರ ಕೈತಪ್ಪಿತು. ಮರುವರ್ಷ ಅಂಟಾಲ್ಯಾದಲ್ಲಿ ವಿಶ್ವ ಚಾಂಪಿಯನ್ ಆದರು, 2012ರಲ್ಲಿ ಲಂಡನ್‌ನಲ್ಲಿ ತಂಡದ ಚಿನ್ನ ಗೆದ್ದರು. ಆದರೆ ಆ ಬೀಜಿಂಗ್ ಹೋಗಿದ್ದು ಹೋಗಿದ್ದೇ. ನಮ್ಮ ಮನೆಗಳಲ್ಲಿ ಅಜ್ಜಿಯ ಕಾಲು ಬಾವಿಗೆ ಇದೇ ಫ್ಯೂರೋಸೆಮೈಡ್ ಇರುತ್ತದೆ. ತಾತನ ಬಿಪಿ ಮಾತ್ರೆಯಲ್ಲಿ ಹೈಡ್ರೋಕ್ಲೋರೋಥಯಜೈಡ್ ಇರಬಹುದು. ಎಲ್ಲರ ಮಾತ್ರೆ ಒಂದೇ ಡಬ್ಬದಲ್ಲಿ ಹಾಕಿಡಬೇಡಿ. ಬಾಟಲಿಗೆ ಹೆಸರು ಬರೆಯಿರಿ. ಕಣ್ಣು ತಪ್ಪಿದ ಬಾಟಲಿನ ನೀರು ಚೆಲ್ಲಿ, ಹೊಸದು ತುಂಬಿ.

ಎಷ್ಟು ಚಿಕ್ಕ ಪ್ರಮಾಣ ಸಾಕು ಅನ್ನುವುದಕ್ಕೆ ಫ್ರಾನ್ಸಿನ ಫಾಯಿಲ್ ಆಟಗಾರ್ತಿ ಇಸಾವೊರಾ ತಿಬೂಸ್ ಅವರ ಪ್ರಕರಣ ನೋಡಿ. 2022ರ ಕೈರೋ ವಿಶ್ವ ಚಾಂಪಿಯನ್. 2024ರ ಜನವರಿಯಲ್ಲಿ ಪ್ಯಾರಿಸ್ ವಿಶ್ವಕಪ್‌ನಲ್ಲಿ ಕೊಟ್ಟ ಮಾದರಿಯಲ್ಲಿ ಆಸ್ಟರಿನ್ ಎಂಬ, ಸ್ನಾಯು ಬೆಳೆಸುವ ನಿಷೇಧಿತ ವಸ್ತು ಸಿಕ್ಕಿತು. ಅವರ ಆಗಿನ ಸಂಗಾತಿ ಅವರಿಗೆ ಗೊತ್ತಿಲ್ಲದೆ ಆಸ್ಟರಿನ್ ಇರುವ ಉತ್ಪನ್ನ ಸೇವಿಸುತ್ತಿದ್ದರು, ಮುತ್ತಿನ ಮೂಲಕ ಅದು ಬಂತು ಎಂಬುದು ಅವರ ವಾದ. ಎಫ್‌ಐಇ ಮಂಡಳಿ ಒಪ್ಪಿತು, ಪ್ಯಾರಿಸ್ ಒಲಿಂಪಿಕ್ಸ್ ಆಡಿದರು. ವಾಡಾ ಒಪ್ಪಲಿಲ್ಲ, ನಾಲ್ಕು ವರ್ಷದ ನಿಷೇಧ ಕೇಳಿ ಮೇಲ್ಮನವಿ ಹಾಕಿತು. 2025ರ ಜುಲೈಯಲ್ಲಿ ಕ್ರೀಡಾ ಮಧ್ಯಸ್ಥಿಕೆ ನ್ಯಾಯಾಲಯ ಆ ಮೇಲ್ಮನವಿಯನ್ನು ತಳ್ಳಿಹಾಕಿತು. ಗೆದ್ದರು, ಸರಿ. ಆದರೆ ಒಂದೂವರೆ ವರ್ಷ ವಕೀಲರು, ವಿಜ್ಞಾನಿಗಳು, ವಿಚಾರಣೆ. ನಮ್ಮಂಥ ಮನೆಯವರು ಅಷ್ಟು ದಿನ ಹೋರಾಡುವುದು ಹೇಗೆ? ಅದಕ್ಕೇ ಮನೆಯಲ್ಲಿ ಅಣ್ಣ ಜಿಮ್ ಪುಡಿ ಕುಡಿಯುತ್ತಿದ್ದರೆ ಅವನ ಲೋಟವೂ ಬೇರೆ ಇರಲಿ.

ಟೆಸ್ಟಿಗೆ ಕರೆದ ದಿನ

ಹೋದ ವರ್ಷ ಒಂದು ರಾಷ್ಟ್ರೀಯ ಕೂಟದಲ್ಲಿ ಮಗಳು ಕೊನೆಯ ಬೌಟ್ ಮುಗಿಸಿ ಮಾಸ್ಕ್ ತೆಗೆಯುತ್ತಿದ್ದಳು. ಗುರುತಿನ ಚೀಟಿ ಹಾಕಿಕೊಂಡ ಹೆಂಗಸೊಬ್ಬರು ಬಂದು ಅವಳ ಹೆಸರು ಕೇಳಿದರು. ನನ್ನ ಎದೆ ಧಸಕ್ ಅಂದಿತು. ಹೆದರುವಂಥದ್ದು ಏನೂ ಇರಲಿಲ್ಲ. ಯಾರನ್ನು ಬೇಕಾದರೂ ಕರೆಯಬಹುದು, ಗೆದ್ದವರನ್ನೇ ಅಂತಿಲ್ಲ.

ಅವರ ಗುರುತಿನ ಚೀಟಿ ನೋಡಿ. ಟೆಸ್ಟಿಗೆ ಕರೆದ ಕ್ಷಣದಿಂದ ಮಗು ಅವರ ಕಣ್ಣೆದುರೇ ಇರಬೇಕು. ಸ್ನಾನ, ಟಾಯ್ಲೆಟ್ ಎಂದು ಒಬ್ಬಳೇ ಹೋಗುವಂತಿಲ್ಲ. ಪದಕ ಪ್ರದಾನ ಇದ್ದರೆ, ಇನ್ನೊಂದು ಬೌಟ್ ಇದ್ದರೆ, ಗಾಯಕ್ಕೆ ಚಿಕಿತ್ಸೆ ಬೇಕಿದ್ದರೆ ಕೇಳಿ, ಅವರು ಜೊತೆಗೆ ಬರುತ್ತಾರೆ. "ರೈಲಿಗೆ ಲೇಟಾಯ್ತು" ಎಂದು ಮಾತ್ರ ಹೊರಟುಬಿಡಬೇಡಿ. ಟೆಸ್ಟ್ ನಿರಾಕರಿಸಿದರೆ ನಾಲ್ಕು ವರ್ಷದವರೆಗೆ ನಿಷೇಧ ಆಗಬಹುದು.

18 ವರ್ಷದೊಳಗಿನವರ ಜೊತೆ ದೊಡ್ಡವರೊಬ್ಬರು ಒಳಗೆ ಹೋಗಬಹುದು. ನಾನು ಹೋದೆ. ಮೂತ್ರ ಕೊಡುವಾಗ ಮಹಿಳಾ ಅಧಿಕಾರಿ ನೇರವಾಗಿ ನೋಡುತ್ತಾರೆ. ಇದನ್ನು ಮಕ್ಕಳಿಗೆ ಮನೆಯಲ್ಲೇ ಹೇಳಿಡಿ. ಅಲ್ಲಿ ಹೋದ ಮೇಲೆ ಗೊತ್ತಾದರೆ ಹೆದರುತ್ತಾರೆ, ನಾಚಿಕೊಳ್ಳುತ್ತಾರೆ. ಆ ಅಧಿಕಾರಿ ಸರಿಯಾಗಿ ನಡೆದುಕೊಳ್ಳುತ್ತಾರಾ ಎಂದು ನೋಡಿಕೊಳ್ಳುವುದು ನಮ್ಮ ಕೆಲಸ.

ಕನಿಷ್ಠ 90 ಮಿಲಿ ಬೇಕು. ದಪ್ಪ ಜಾಕೆಟ್, ಅದರೊಳಗೆ ಪ್ಲಾಸ್ಟ್ರಾನ್ ಎಂಬ ರಕ್ಷಾಕವಚ, ಮಾಸ್ಕ್ ಹಾಕಿ ದಿನವಿಡೀ ಬೆವರಿದ ಮಗುವಿಗೆ ಮೂತ್ರ ಬರುವುದೇ ಇಲ್ಲ. ಮಗಳಿಗೆ ಮೊದಲ ಸಲ 40 ಮಿಲಿ ಬಂತು. ಅದನ್ನು ಸೀಲ್ ಮಾಡಿ ಇಟ್ಟು ಕಾಯಿಸಿದರು. ಗಾಬರಿಯಲ್ಲಿ ಅವಳು ಒಂದೂವರೆ ಲೀಟರ್ ನೀರು ಗಟಗಟ ಕುಡಿಯಲು ಹೊರಟಳು, ಅಧಿಕಾರಿಯೇ ತಡೆದರು. ತುಂಬಾ ತೆಳುವಾದರೆ ಆ ಮಾದರಿ ಸಾಲದು, ಮತ್ತೆ ಕೊಡಬೇಕಾಗುತ್ತದೆ. ನಿಧಾನಕ್ಕೆ ಕುಡಿಯಬೇಕು, ಅಲ್ಲಿಟ್ಟಿರುವ ಸೀಲ್ ಒಡೆಯದ ಬಾಟಲಿನಿಂದ. ಎರಡು ಗಂಟೆ ಕಾದೆವು. ನಾವಿಬ್ಬರೂ ಅಂತ್ಯಾಕ್ಷರಿ ಆಡಿದೆವು.

ಪಾತ್ರೆ, ಬಾಟಲಿನ ಕಿಟ್ ಎಲ್ಲವನ್ನೂ ಮಗುವೇ ಆರಿಸಿಕೊಳ್ಳಬೇಕು. ಎ, ಬಿ ಎಂದು ಎರಡು ಬಾಟಲಿಗೆ ಸುರಿಯುವುದೂ ಅವಳೇ. ಬಾಟಲ್, ಮುಚ್ಚಳ, ಕಾಗದದ ಮೇಲಿನ ನಂಬರ್ ಒಂದೇ ಇದೆಯಾ ಎಂದು ಜೋರಾಗಿ ಓದಿಸಿ. ಹಿಂದಿನ ಏಳು ದಿನದಲ್ಲಿ ತಗೊಂಡ ಎಲ್ಲವನ್ನೂ ಫಾರಂನಲ್ಲಿ ಬರೆಸಿ. ವಿಟಮಿನ್ ಮಾತ್ರೆ, ಮುಟ್ಟು ಮುಂದೂಡುವ ಮಾತ್ರೆ, ಎಲ್ಲವೂ. ಮುಟ್ಟು ಮುಂದೂಡುವ ನೊರೆಥಿಸ್ಟರೋನ್‌ಗೆ ನಿಷೇಧ ಇಲ್ಲ, ಆದರೆ ಮೈಯಲ್ಲಿ ಅದು ಒಡೆದಾಗ ನಿಷೇಧಿತ ಸ್ಟೀರಾಯ್ಡ್‌ನ ಗುರುತು ಸ್ವಲ್ಪ ಕಾಣಿಸಬಹುದು. ಬರೆದಿದ್ದರೆ ಲ್ಯಾಬಿನವರಿಗೆ ಅರ್ಥವಾಗುತ್ತದೆ. ಹೆಣ್ಣುಮಕ್ಕಳು ಇದನ್ನು ಗಂಡು ಕೋಚ್ ಎದುರು ಹೇಳಲು ಹಿಂಜರಿಯುತ್ತಾರೆ, ಜೊತೆಗಿರುವ ಅಮ್ಮ ಕೇಳಬೇಕು. ಏನಾದರೂ ಸರಿ ಕಾಣದಿದ್ದರೆ ಷರಾ ಬರೆಯುವ ಜಾಗದಲ್ಲಿ ಬರೆದು ಸಹಿ ಹಾಕಿ. ನಿಮ್ಮ ಪ್ರತಿ ಕೇಳಿ ಪಡೆಯಿರಿ.

ಅವಳ ಆ ಪ್ರತಿ ಈಗ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಇರುವ ಫೈಲಿನಲ್ಲೇ ಇದೆ. ನಮ್ಮ ಕಿಟ್ ಬ್ಯಾಗಿನಲ್ಲಿ ಈಗ ಒಂದು ಹಳದಿ ಡಬ್ಬ ಇರುತ್ತದೆ. ಅದರೊಳಗೆ ಆರು ವಸ್ತು, ಮುಚ್ಚಳದ ಒಳಗೆ ಪ್ರತಿಯೊಂದರ ಒಳಹೆಸರು ಮತ್ತು ಆ್ಯಪ್‌ನಲ್ಲಿ ನೋಡಿದ ತಾರೀಕು. ಹೊರಡುವ ಹಿಂದಿನ ರಾತ್ರಿ ಅವಳು ಬಾಡಿ ಕಾರ್ಡ್ (ಕತ್ತಿಗೆ ಜೋಡಿಸುವ ವೈರು), ಕತ್ತಿ ಎಲ್ಲ ಚೆಕ್ ಮಾಡಿದ ಮೇಲೆ ಡಬ್ಬ ತೆಗೆದು ಒಂದೊಂದೇ ಸ್ಟ್ರಿಪ್ ತಿರುಗಿಸಿ ಓದುತ್ತಾಳೆ. ನಾನು ಮುಚ್ಚಳ ನೋಡಿ ಟಿಕ್ ಹಾಕುತ್ತೇನೆ. ಕೆಮ್ಮಿಗೆ ಜೇನುತುಪ್ಪ, ಶುಂಠಿ, ಬಿಸಿನೀರಿನ ಫ್ಲಾಸ್ಕು ಬೇರೆ ಚೀಲದಲ್ಲಿ.